ಹಂದಿಮಾಂಸದ ಕಿಲೋ ನಿಮಗೆ ಎಷ್ಟಕ್ಕೆ ಬೀಳುತ್ತದೆ? – ತಳಿಗಳ ಖರ್ಚು ಮತ್ತು ಇಳುವರಿಯ ಲೆಕ್ಕ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ರೈತ ಬಾಂಧವರು ಹಂದಿ ಸಾಕಣೆಯ ವಿಚಾರ ಎತ್ತಿದಾಗ ಮೊದಲು ಕೇಳುವುದು, “ಯಾವ ತಳಿ ಚೆನ್ನಾಗಿ ದಪ್ಪ ಬರುತ್ತದೆ?” ಎಂದು. ಪ್ರಶ್ನೆ ಸಹಜವೇ. ಆದರೆ ಸಾಲ ಎತ್ತಿ ಕೊಟ್ಟಿಗೆ ಕಟ್ಟುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ಒಂದು ಕಿಲೋ ಮಾಂಸ ತಯಾರಾಗುವ ಹೊತ್ತಿಗೆ ನಿಮ್ಮ ಕೈಯಿಂದ ಎಷ್ಟು ರೂಪಾಯಿ ಹೋಗಿರುತ್ತದೆ? ಹಂದಿ ಸಾಕಣೆಯ ಒಟ್ಟು ಖರ್ಚಿನಲ್ಲಿ ಮುಕ್ಕಾಲು ಪಾಲು ಮೇವಿನದೇ. ಆದುದರಿಂದ ತಳಿಯ ಆಯ್ಕೆ ನಿಮ್ಮ ಊರಿನಲ್ಲಿ ಸಿಗುವ ಮೇವನ್ನು ನೋಡಿ ಆಗಬೇಕೇ ಹೊರತು ಚಿತ್ರದಲ್ಲಿ ಕಂಡ ಹಂದಿಯ ಗಾತ್ರವನ್ನು ನೋಡಿ ಅಲ್ಲ.

ತಳಿಗಳು

ನಮ್ಮ ನಾಟಿ ಹಂದಿಯನ್ನು ವರ್ಣಿಸಬೇಕಾಗಿಲ್ಲ. ಕಪ್ಪು ಬಣ್ಣ, ಉದ್ದ ಮೂತಿ, ಬೆನ್ನಿನ ಮೇಲೆ ಗಡುಸಾದ ಕೂದಲು. ಹಂದಿಜೋಗಿ, ಕೊರಮ, ಕೊರಚ ಮುಂತಾದ ಸಮುದಾಯದವರು ತಲೆಮಾರುಗಳಿಂದ ಸಾಕಿಕೊಂಡು ಬಂದ ಜಾತಿ. ಬಿಸಿಲನ್ನೂ ಹಸಿವನ್ನೂ ತಡೆಯುತ್ತದೆ, ಸಿಕ್ಕಿದ್ದನ್ನು ತಿಂದು ಬದುಕುತ್ತದೆ. ಆದರೆ 10ರಿಂದ 12 ತಿಂಗಳು ಸಾಕಿದರೂ 35ರಿಂದ 45 ಕಿಲೋ ಮೀರುವುದು ಕಷ್ಟ. ಒಂದು ಸೂಲಿಗೆ ಐದಾರು ಮರಿ.

ದೊಡ್ಡ ಬಿಳಿ ಯಾರ್ಕ್‌ಶೈರ್ ಇಂಗ್ಲೆಂಡಿನ ತಳಿ. ಬಿಳಿ ಮೈ, ನೆಟ್ಟಗೆ ನಿಂತ ಕಿವಿ. ಒಂದು ಸೂಲಿಗೆ 8ರಿಂದ 12 ಮರಿ. ಸಮತೋಲನ ಆಹಾರ ಕೊಟ್ಟರೆ ಏಳು ತಿಂಗಳ ಆಸುಪಾಸಿನಲ್ಲಿ 90 ಕಿಲೋ ತೂಗುತ್ತದೆ. ಲ್ಯಾಂಡ್ರೇಸ್ ಡೆನ್ಮಾರ್ಕಿನದು. ಅದೂ ಬಿಳಿಯೇ, ಆದರೆ ಕಿವಿ ಜೋತು ಬಿದ್ದಿರುತ್ತದೆ, ಮೈ ಉದ್ದ. ತಾಯ್ತನ ಒಳ್ಳೆಯದು, ತೊಡೆ ಮತ್ತು ಪಕ್ಕೆಯ ಮಾಂಸ ಹೆಚ್ಚು. ಕಾಲು ಮಾತ್ರ ಸ್ವಲ್ಪ ಸೂಕ್ಷ್ಮ, ನೆಲ ಜಾರಿದರೆ ಕುಂಟುತ್ತದೆ. ಕೆಂಪು ಬಣ್ಣದ ಡ್ಯೂರಾಕ್ ಮತ್ತು ಕಪ್ಪು ಮೈಯ ಹೆಗಲಿಗೆ ಬಿಳಿ ಪಟ್ಟಿ ಸುತ್ತಿದ ಹ್ಯಾಂಪ್‌ಶೈರ್ ಅಮೆರಿಕದಲ್ಲಿ ಬೆಳೆದ ತಳಿಗಳು. ಇವುಗಳ ಗಂಡನ್ನು ಬಿಳಿ ಹೆಣ್ಣಿನೊಡನೆ ಕೂಡಿಸಿ ಮಾಂಸದ ಮರಿ ಪಡೆಯುವುದು ರೂಢಿ. ಸಣ್ಣ ರೈತರು ಇವನ್ನು ಶುದ್ಧ ತಳಿಯಾಗಿ ಸಾಕುವ ಗೋಜಿಗೆ ಹೋಗದಿರುವುದೇ ಲೇಸು.

ಇನ್ನು ಮಿಶ್ರತಳಿ. 1970-71ರಲ್ಲಿ ಆರಂಭವಾದ ಅಖಿಲ ಭಾರತ ಸಂಘಟಿತ ಹಂದಿ ಸಂಶೋಧನಾ ಯೋಜನೆಯಲ್ಲಿ ವಿದೇಶೀ ತಳಿಗಳನ್ನು ನಮ್ಮ ಹವೆಯಲ್ಲಿ ಸಾಕಿ ನೋಡಿ, ಅನಂತರ ನಾಟಿಯೊಡನೆ ಕೂಡಿಸಿ ಮರಿಗಳನ್ನು ಪರೀಕ್ಷಿಸಲಾಯಿತು. ತಮಿಳುನಾಡಿನ ಕಾಟ್ಟುಪಾಕ್ಕಂ ಕೇಂದ್ರದಿಂದ ಬಂದ ಕೆಪಿಎಂ ಗೋಲ್ಡ್ ತಳಿಯಲ್ಲಿ ಮುಕ್ಕಾಲು ಪಾಲು ಯಾರ್ಕ್‌ಶೈರ್ ರಕ್ತ, ಕಾಲು ಪಾಲು ನಾಟಿ ರಕ್ತ. ಬೆಳವಣಿಗೆ ಬಿಳಿಯಿಂದ, ಗಟ್ಟಿತನ ನಾಟಿಯಿಂದ ಬರಲಿ ಎಂಬುದು ಇದರ ಉದ್ದೇಶ.

ಇಳುವರಿ ಎಂದರೆ ಯಾವುದು?

ಜೀವಂತ ತೂಕವೇ ಮಾಂಸವಲ್ಲ. ರಕ್ತ, ಕರುಳು, ಕೂದಲು, ತಲೆ ಮುಂತಾದುವು ಹೋದ ಮೇಲೆ ಉಳಿಯುವುದೇ ಮಾಂಸದ ಇಳುವರಿ. ಕುರಿಯಲ್ಲಿ ಇದು ಶೇಕಡ 50ರ ಹತ್ತಿರ ನಿಲ್ಲುತ್ತದೆ. ಹಂದಿಯ ಹೊಟ್ಟೆ ಚಿಕ್ಕದು, ಚರ್ಮವನ್ನು ಸುಲಿಯದೆ ಬಿಸಿನೀರು ಹುಯ್ದು ಕೂದಲು ಕೆರೆಯುವುದರಿಂದ ಚರ್ಮವೂ ಮಾಂಸದ ಲೆಕ್ಕಕ್ಕೇ ಸೇರುತ್ತದೆ. ಆದ್ದರಿಂದ ಬಿಳಿ ತಳಿಗಳಲ್ಲಿ ಶೇಕಡ 70ರಿಂದ 75, ಮಿಶ್ರತಳಿಯಲ್ಲಿ 70ರ ಆಸುಪಾಸು, ನಾಟಿಯಲ್ಲಿ 65ರ ಆಸುಪಾಸು ಇಳುವರಿ ಸಿಗುತ್ತದೆ.

ನಾಟಿಯ ಮಾಂಸದಲ್ಲಿ ಕೊಬ್ಬಿನ ಪಾಲು ಜಾಸ್ತಿ. ಕೊಬ್ಬು ಕೆಟ್ಟದ್ದೇನೂ ಅಲ್ಲ. ಕೊಡಗಿನ ಪಂದಿಕರಿಯ ರುಚಿ ಬಲ್ಲವರು ಕೊಬ್ಬು ತೆಗೆದುಹಾಕಿ ಎನ್ನುವುದಿಲ್ಲ. ನಾಟಿ ಮಾಂಸವೇ ಬೇಕೆಂದು ಹೆಚ್ಚು ಬೆಲೆ ಕೊಡುವ ಗಿರಾಕಿ ನಿಮ್ಮ ಕಡೆ ಇದ್ದರೆ ಮುಂದಿನ ಲೆಕ್ಕವನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಿ. ಬೆಂಗಳೂರಿನ ಸಂಸ್ಕರಣೆದಾರರಿಗೆ ಮಾತ್ರ ಕೊಬ್ಬು ತೆಳುವಾಗಿರುವ ಬಿಳಿ ಚರ್ಮದ ಹಂದಿಯೇ ಬೇಕು.

ಲೆಕ್ಕ ಹಾಕೋಣ

ಕೆಳಗಿನ ದರಗಳು ಲೆಕ್ಕದ ದಾರಿ ತೋರಿಸುವುದಕ್ಕೆ ಇಟ್ಟುಕೊಂಡವು. ಪೇಟೆಯ ಧಾರಣೆ ಏರಿಳಿಯುವುದರಿಂದ ನಿಮ್ಮ ಊರಿನ ದರವನ್ನು ಅಲ್ಲಲ್ಲಿ ತುಂಬಿಕೊಳ್ಳಿ. ಸಿದ್ಧ ಆಹಾರ ಕಿಲೋಗೆ 30 ರೂ. ಎಂದು ಹಿಡಿಯೋಣ. ಎರಡು ತಿಂಗಳ, ಹಾಲು ಬಿಡಿಸಿದ ಮರಿಗೆ ಬಿಳಿಯಾದರೆ 4,500 ರೂ., ಮಿಶ್ರತಳಿಯಾದರೆ 2,500, ನಾಟಿಯಾದರೆ 1,500 ಇರಲಿ. ಔಷಧಿ, ಲಸಿಕೆ, ಇತರ ಖರ್ಚಿಗೆ ಕ್ರಮವಾಗಿ 1,000, 900, 700.

ಬಿಳಿ ಯಾರ್ಕ್‌ಶೈರ್ ಮರಿಯನ್ನು 12 ಕಿಲೋದಿಂದ 90 ಕಿಲೋಗೆ ತರಲು 78 ಕಿಲೋ ಬೆಳೆಸಬೇಕು. ಒಂದು ಕಿಲೋ ಬೆಳವಣಿಗೆಗೆ ಮೂರೂವರೆ ಕಿಲೋ ಆಹಾರದಂತೆ 273 ಕಿಲೋ, ಅಂದರೆ 8,190 ರೂ. ಮರಿಯ ಬೆಲೆ ಮತ್ತು ಇತರ ಖರ್ಚು ಸೇರಿ 13,690 ರೂ. ಶೇಕಡ 74 ಇಳುವರಿಯಂತೆ ಸಿಗುವ ಮಾಂಸ 66.6 ಕಿಲೋ. ಕಿಲೋಗೆ ಬಿದ್ದದ್ದು ಸುಮಾರು 206 ರೂ.

ಮಿಶ್ರತಳಿಯನ್ನು 9ರಿಂದ 70 ಕಿಲೋಗೆ ತರಲು ಕಿಲೋಗೆ 4.2ರಂತೆ 256 ಕಿಲೋ ಆಹಾರ, 7,680 ರೂ. ಒಟ್ಟು ಖರ್ಚು 11,080. ಮಾಂಸ 49 ಕಿಲೋ. ಕಿಲೋಗೆ 226 ರೂ.

ನಾಟಿ ಮರಿಯನ್ನು 6ರಿಂದ 40 ಕಿಲೋಗೆ ತರಲು ಕಿಲೋಗೆ ಐದೂವರೆಯಂತೆ 187 ಕಿಲೋ ಆಹಾರ, 5,610 ರೂ. ಒಟ್ಟು 7,810. ಮಾಂಸ 26 ಕಿಲೋ. ಕಿಲೋಗೆ 300 ರೂ. ದಾಟುತ್ತದೆ.

ಹಣ ಕೊಟ್ಟು ಮೂಟೆ ಆಹಾರ ತರುವವನಿಗೆ ನಾಟಿ ಹಂದಿ ಕೈಸುಡುತ್ತದೆ ಎಂಬುದು ಇಲ್ಲಿ ಸ್ಪಷ್ಟ. ಆಹಾರದ ದರ ಕಿಲೋಗೆ 5 ರೂ. ಏರಿದರೆ ಬಿಳಿ ಹಂದಿಯ ಮಾಂಸಕ್ಕೆ ಕಿಲೋಗೆ 20 ರೂ. ಮೇಲೆ ಬೀಳುತ್ತದೆ, ನಾಟಿಯದಕ್ಕೆ 36 ರೂ. ಆದರೆ ಬಿಳಿ ಹಂದಿಯಲ್ಲೂ ಲಾಭದ ಅಂಚು ಬಹಳ ತೆಳು. ಇದೇ ಹಂದಿಯನ್ನು ಜೀವಂತ ತೂಕ ಕಿಲೋಗೆ 160 ರೂ.ನಂತೆ ಮಾರಿದರೆ ಬರುವುದು 14,400 ರೂ. ಏಳು ತಿಂಗಳ ವಯಸ್ಸಿನವರೆಗೆ ಬೆಳೆಸಿ ಉಳಿದದ್ದು 710 ರೂ. ನಿಮ್ಮ ಮೈಮುರಿದ ಕೆಲಸದ ಕೂಲಿಯನ್ನು ಇದರಲ್ಲಿ ಇನ್ನೂ ಸೇರಿಸಿಲ್ಲ.

ಮುಸುರೆ ಸಿಗುವಲ್ಲಿ ಲೆಕ್ಕ ತಿರುಗುತ್ತದೆ

ತುಮಕೂರು ನಗರದ ಹೋಟೆಲು, ವಿದ್ಯಾರ್ಥಿನಿಲಯ, ಕಲ್ಯಾಣಮಂಟಪಗಳಲ್ಲಿ ಉಳಿಯುವ ಅನ್ನ, ಸಾರು, ತರಕಾರಿ ಸಿಪ್ಪೆ ಸುತ್ತಲಿನ ಸಾಕಣೆದಾರರಿಗೆ ದೊಡ್ಡ ಆಸರೆ. ಇದರಲ್ಲಿ ಮುಕ್ಕಾಲಿಗೂ ಮಿಕ್ಕಿ ನೀರೇ ಇರುವುದರಿಂದ ಒಂದು ಕಿಲೋ ಒಣ ಆಹಾರದ ಬದಲಿಗೆ ಸುಮಾರು 5 ಕಿಲೋ ಮುಸುರೆ ಬೇಕು. ಸಾಗಿಸುವ, ಕುದಿಸುವ ಖರ್ಚು ಕಿಲೋಗೆ 3 ರೂ. ಬಿದ್ದರೂ ಒಂದು ಕಿಲೋ ಒಣ ಆಹಾರದ ಸಮಕ್ಕೆ 15 ರೂ. ಆಯಿತು, ಅರ್ಧ ಬೆಲೆ.

ಅರ್ಧ ದಾಣಿ, ಅರ್ಧ ಮುಸುರೆ ಕೊಟ್ಟರೆ ಬಿಳಿ ಹಂದಿಯ ಮಾಂಸ ಕಿಲೋಗೆ 175 ರೂ.ಗೆ, ಮಿಶ್ರತಳಿಯದು 187ಕ್ಕೆ ಇಳಿಯುತ್ತದೆ. ಬರೀ ಮುಸುರೆಯಲ್ಲೇ ಬೆಳೆಸಿದರೆ ಏನಾಗುತ್ತದೆ ನೋಡಿ. ಅನ್ನವೇ ಹೆಚ್ಚಿರುವ ಮುಸುರೆಯಲ್ಲಿ ಸಸಾರಜನಕ ಸಾಲದು, ಲವಣಾಂಶವೂ ಸಾಲದು. ಬೇಗ ಬೆಳೆಯುವ ಬಿಳಿ ಹಂದಿಗೆ ಈ ಕೊರತೆ ಹೆಚ್ಚು ತಟ್ಟುತ್ತದೆ. ಮೈ ಬೆಳೆಯದೆ ಬೆನ್ನಿಗೆ ಕೊಬ್ಬು ಕೂಡುತ್ತದೆ. ಬಿಳಿಗೆ ಐದೂವರೆ, ಮಿಶ್ರತಳಿಗೆ ಐದು ಕಿಲೋ ಆಹಾರಕ್ಕೆ ಒಂದು ಕಿಲೋ ಬೆಳವಣಿಗೆ ಎಂದು ಹಿಡಿದರೆ ಬಿಳಿಯದು 179 ರೂ., ಮಿಶ್ರತಳಿಯದು 163 ರೂ. ಮೂಟೆ ಆಹಾರದಲ್ಲಿ ಹಿಂದೆ ಬಿದ್ದ ಮಿಶ್ರತಳಿ ಮುಸುರೆಯಲ್ಲಿ ಮುಂದೆ ಬಂತು! ನಗರದ ಹೊರವಲಯದಲ್ಲಿದ್ದು ದಿನವೂ ಮುಸುರೆ ತರಬಲ್ಲವರಿಗೆ ಮಿಶ್ರತಳಿ ಒಳ್ಳೆಯದು. ಗುಬ್ಬಿ, ಕುಣಿಗಲ್ಲಿನ ಒಳ ಹಳ್ಳಿಗಳಲ್ಲಿ ಹಿಂಡಿ, ತೌಡು, ರಾಗಿಯನ್ನು ನಂಬಿದವರಿಗೆ ಬಿಳಿ ತಳಿಯೇ ಸೂಕ್ತ.

ಮೇವಿಗೆ ಖರ್ಚೇ ಇಲ್ಲದೆ ಬೀದಿಗೆ ಬಿಟ್ಟ ನಾಟಿ ಹಂದಿಯೇ ಅಗ್ಗವಲ್ಲವೇ ಎಂದು ಕೆಲವರು ಕೇಳಬಹುದು. ಕೊಚ್ಚೆ, ಮಲ ತಿಂದು ಅಲೆಯುವ ಹಂದಿಯ ಮಾಂಸದಲ್ಲಿ ಅಕ್ಕಿಕಾಳಿನಂಥ ಲಾಡಿಹುಳುವಿನ ಗುಳ್ಳೆಗಳು ಕೂರುತ್ತವೆ. ಅರೆಬೆಂದ ಅಂಥ ಮಾಂಸ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆ ಕೊಳಕು ಕೈ, ಕೊಳಕು ನೀರಿನ ಮೂಲಕ ಹೊಟ್ಟೆ ಸೇರಿದರೆ ಹುಳುವಿನ ಮರಿ ಮಿದುಳಿಗೂ ಹೋಗಿ ಮೂರ್ಛೆರೋಗ ತರಬಲ್ಲುದು. ಹಂದಿಯನ್ನು ಕೊಟ್ಟಿಗೆಯಲ್ಲಿ ಕೂಡಿಯೇ ಸಾಕಬೇಕು, ಮನೆಗೊಂದು ಶೌಚಾಲಯ ಇರಲೇಬೇಕು.

ಮುಸುರೆಯನ್ನು ಕಲಕುತ್ತಾ ಕನಿಷ್ಠ ಅರ್ಧ ಗಂಟೆ ಚೆನ್ನಾಗಿ ಕುದಿಸಿ, ಆರಿಸಿ ಕೊಡಿ. ಆಫ್ರಿಕನ್ ಹಂದಿಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲಗಳಲ್ಲಿ ಕಾಣಿಸಿ, 2022ರಲ್ಲಿ ನಮ್ಮ ಗಡಿಯಾಚೆಯ ವಯನಾಡಿಗೆ ಬಂತು. ಮನುಷ್ಯರಿಗೆ ಅದು ತಗಲುವುದಿಲ್ಲ, ಆದರೆ ಹಂದಿಗೆ ಬಂದರೆ ಚಿಕಿತ್ಸೆ ಇಲ್ಲ. ರೋಗ ಖಚಿತವಾದ ಸ್ಥಳದ ಸುತ್ತ ಒಂದು ಕಿಲೋಮೀಟರ್ ಒಳಗಿನ ಹಂದಿಗಳನ್ನೆಲ್ಲ ಕೊಲ್ಲಬೇಕಾಗುತ್ತದೆ. ಕುದಿಸದ ಮುಸುರೆಯಲ್ಲಿನ ಹಂದಿಮಾಂಸದ ಚೂರೇ ಈ ರೋಗಕ್ಕೆ ದಾರಿಯಾಗಬಹುದು. ಸೌದೆ ಉಳಿಸಲು ಹೋಗಿ ಕೊಟ್ಟಿಗೆಯನ್ನೇ ಕಳೆದುಕೊಳ್ಳಬೇಡಿ.

ನಮ್ಮ ಸೀಮೆಯ ಹಿಂಡಿಗಳು

ಮುಸುರೆಯ ಕೊರತೆ ತುಂಬಲು ಸ್ವಲ್ಪ ಹಿಂಡಿ ಸಾಕು. ಕಡಲೆಕಾಯಿ ಹಿಂಡಿ ಎಲ್ಲಕ್ಕೂ ಮೇಲು, ಆದರೆ ಬೂಷ್ಟು ಹಿಡಿದದ್ದು ವಿಷ. ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಗುಬ್ಬಿ, ತಿಪಟೂರಿನ ತೆಂಗಿನ ಸೀಮೆಯಲ್ಲಿ ಸಿಗುವ ಕೊಬ್ಬರಿ ಹಿಂಡಿಯಲ್ಲಿ ಶೇಕಡ 20ರಷ್ಟು ಸಸಾರಜನಕವಿದೆ, ನಾರೂ ಇದೆ. ಮಿಶ್ರಣದಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಸೇರಿಸಬಹುದು. ಅದೊಂದನ್ನೇ ನಂಬಬಾರದು. ಕುಣಿಗಲ್ಲಿನಿಂದ ರಾಮನಗರದ ಕಡೆಗೆ ಹೋದರೆ ರೇಷ್ಮೆ ನೂಲು ಬಿಚ್ಚುವಲ್ಲಿ ಉಳಿಯುವ ಹುಳು ಸಿಗುತ್ತದೆ. ಒಣಗಿಸಿ ಪುಡಿ ಮಾಡಿದರೆ ಮೀನಿನ ಪುಡಿಗೆ ಬದಲಿಯಾಗುತ್ತದೆ. ಹೆಚ್ಚು ಹಾಕಿದರೆ ಮಾಂಸಕ್ಕೆ ವಾಸನೆ ಬರುವುದರಿಂದ ಮಾರಾಟಕ್ಕೆ ಕೆಲವು ವಾರ ಮೊದಲೇ ನಿಲ್ಲಿಸಿ. ಮುರುಕು ರಾಗಿ ಮೆಕ್ಕೆಜೋಳದ ಒಂದು ಭಾಗಕ್ಕೆ ಬದಲಾಗಿ ನಡೆಯುತ್ತದೆ. ಹರಳು ಹಿಂಡಿಯನ್ನು ಮಾತ್ರ ಯಾವ ಕಾರಣಕ್ಕೂ ಕೊಡಬಾರದು. ಅದು ಹೊಲಕ್ಕೆ ಗೊಬ್ಬರ, ಹಂದಿಗೆ ವಿಷ.

ಮರಿಯನ್ನು ಕೊಳ್ಳುವುದೋ, ಹಾಕಿಸುವುದೋ?

ಮೇಲಿನ ಲೆಕ್ಕದಲ್ಲಿ ಬಿಳಿ ಮರಿಯ ಬೆಲೆಯೇ ಒಟ್ಟು ಖರ್ಚಿನ ಮೂರನೇ ಒಂದು ಪಾಲು. ತಾಯಿ ಹಂದಿ ನಿಮ್ಮದೇ ಆದರೆ? ಹಂದಿಯ ಗರ್ಭಾವಧಿ 114 ದಿನ, ಅಂದರೆ ಮೂರು ತಿಂಗಳು ಮೂರು ವಾರ ಮೂರು ದಿನ. ವರ್ಷಕ್ಕೆ ಎರಡು ಸೂಲು ಆರಾಮವಾಗಿ ಪಡೆಯಬಹುದು. ಬಿಳಿ ತಾಯಿ ಹಂದಿ ವರ್ಷಕ್ಕೆ ಸುಮಾರು 1,000 ಕಿಲೋ ಆಹಾರ ತಿನ್ನುತ್ತದೆ ಎಂದು ಹಿಡಿದರೆ 30,000 ರೂ. ಸೂಲಿಗೆ ಎಂಟು ಮರಿ ಉಳಿದರೆ ಮರಿಯೊಂದಕ್ಕೆ ತಾಯಿಯ ಮೇವಿನ ಪಾಲು 1,875 ರೂ. ಐದೇ ಉಳಿದರೆ 3,000 ರೂ. ತಾಯಿ ಮಲಗುವಾಗ ಮರಿಗಳು ಅಡಿಗೆ ಸಿಕ್ಕಿ ಸಾಯುವುದೇ ಹೆಚ್ಚು. ಗೋಡೆಯಿಂದ ಒಂದು ಗೇಣು ಈಚೆಗೆ, ನೆಲದಿಂದ ಒಂದು ಗೇಣು ಮೇಲೆ ಕೊಳವೆಯನ್ನೋ ಗಟ್ಟಿ ಬಿದಿರನ್ನೋ ಅಡ್ಡ ಕಟ್ಟಿದರೆ ಮರಿ ನುಸುಳಿಕೊಳ್ಳಲು ಜಾಗವಾಗುತ್ತದೆ. ಇನ್ನೂರು ಮುನ್ನೂರು ರೂಪಾಯಿಯ ಈ ಕೆಲಸ ತಳಿ ಬದಲಾಯಿಸುವುದಕ್ಕಿಂತ ಹೆಚ್ಚು ಲಾಭ ಕೊಡಬಲ್ಲುದು.

ಬಿಳಿ ಹಂದಿಗೆ ಬೇಸಗೆಯ ಬಿಸಿಲು ಆಗದು. ಹಂದಿ ನಮ್ಮಂತೆ ಬೆವರಿ ಮೈ ತಣಿಸಿಕೊಳ್ಳಲಾರದು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಮೇಲೆ ನೀರು ಚಿಮುಕಿಸಿ, ಮಾಡಿನ ಮೇಲೆ ತೆಂಗಿನ ಗರಿ ಹೊದಿಸಿ.

2021ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಜಾನುವಾರು ಮಿಷನ್ ಯೋಜನೆಯಲ್ಲಿ 100 ಹೆಣ್ಣು, 10 ಗಂಡಿನ ಘಟಕಕ್ಕೆ ಬಂಡವಾಳದ ಅರ್ಧದಷ್ಟು, ಗರಿಷ್ಠ 30 ಲಕ್ಷ ರೂ. ಸಹಾಯಧನ ಗೊತ್ತುಮಾಡಲಾಯಿತು. ಸಹಾಯಧನ ಬರುವುದು ಬಂಡವಾಳಕ್ಕೆ, ದಿನನಿತ್ಯದ ಮೇವಿಗಲ್ಲ. ಮೊದಲು ಎರಡು ಮೂರು ತಾಯಿ ಹಂದಿಗಳಲ್ಲಿ ಒಂದು ವರ್ಷ ಕೈ ಪಳಗಿಸಿಕೊಳ್ಳಿ.

ಮಾರುವಾಗ

ತಕ್ಕಡಿ ಇಲ್ಲದೆ ಕಣ್ಣಂದಾಜಿನಲ್ಲಿ ಮಾರುವವರು ವ್ಯಾಪಾರಿಯ ಕಣ್ಣನ್ನೇ ನಂಬಬೇಕಾಗುತ್ತದೆ. ಟೈಲರ್ ಟೇಪು ಇದ್ದರೆ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಎರಡು ಕಿವಿಗಳ ನಡುವಿನಿಂದ ಬಾಲದ ಬುಡದವರೆಗಿನ ಉದ್ದವನ್ನೂ ಅಂಗುಲದಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 880ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ ಬರುತ್ತದೆ. ಸುತ್ತಳತೆ 40, ಉದ್ದ 44 ಅಂಗುಲವಿದ್ದರೆ 80 ಕಿಲೋ. ಬೆಳಗಿನ ಮೇವಿಗೆ ಮೊದಲು ಅಳೆದರೆ “ಹೊಟ್ಟೆ ತೂಕ” ಎಂದು ವ್ಯಾಪಾರಿ ಕಿಲೋಗಟ್ಟಲೆ ಕಡಿಯಲು ಅವಕಾಶವಿರುವುದಿಲ್ಲ. 90 ಕಿಲೋ ದಾಟಿದ ಮೇಲೆ ಹಂದಿ ತಿಂದದ್ದರಲ್ಲಿ ಹೆಚ್ಚು ಭಾಗ ಕೊಬ್ಬಿಗೇ ಹೋಗುತ್ತದೆ. ಹಬ್ಬಕ್ಕೆ ಬೆಲೆ ಬರಲಿ ಎಂದು ಎರಡು ತಿಂಗಳು ಕಾಯುವ ಮುನ್ನ, ದಿನಕ್ಕೆ ಮೂರು ಕಿಲೋ ಆಹಾರದಂತೆ 5,400 ರೂ. ಇನ್ನೂ ಹೋಗುತ್ತದೆ ಎಂಬುದನ್ನು ಎಣಿಸಿ ನೋಡಿ.

ಮರಿ ತರುವಾಗ ದಾಖಲೆ ಇಟ್ಟಿರುವ ಫಾರಂನಿಂದಲೇ ತನ್ನಿ. ತಾಯಿ ಹಂದಿ ಎಷ್ಟು ಮರಿ ಹಾಕಿತು, ಎಷ್ಟು ಉಳಿದವು, ಹಂದಿಜ್ವರದ ಲಸಿಕೆ ಆಗಿದೆಯೇ ಎಂದು ಕೇಳಿ. ಹೊಸ ಮರಿಗಳನ್ನು ಒಂದು ತಿಂಗಳಾದರೂ ಹಳೆಯ ಹಂದಿಗಳಿಂದ ಬೇರೆ ಇಡಿ. ಸಲಹೆ ಬೇಕಾದವರು ತಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯನ್ನಾಗಲಿ, ತಿಪಟೂರು ಬಳಿಯ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜನ್ನಾಗಲಿ ವಿಚಾರಿಸಬಹುದು. ಹೋಗುವಾಗ ನಿಮ್ಮ ಊರಿನ ಹಿಂಡಿ, ತೌಡು, ಮುಸುರೆಯ ದರವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.