ಎರಡು ಕಣಿವೆಗಳ ಖಾನಾವಳಿ

ಪರಸ್ಥಳಕ್ಕೆ ಹೋದವನಿಗೆ ಆ ನಾಡಿನ ನಿಜವಾದ ಪರಿಚಯವಾಗುವುದು ಎಲ್ಲಿ? ಗುಡಿಯಲ್ಲಿ ಎಂದು ಭಕ್ತರು ಹೇಳಿಯಾರು. ಕೋಟೆಕೊತ್ತಳಗಳಲ್ಲಿ ಎಂದು ಇತಿಹಾಸಜ್ಞರು ಹೇಳಿಯಾರು. ನನ್ನನ್ನು ಕೇಳಿದರೆ ಊಟದ ತಟ್ಟೆಯಲ್ಲಿ ಎನ್ನುತ್ತೇನೆ. ಆ ನೆಲದ ಮಣ್ಣು, ಮಳೆ, ಬಡತನ, ಬುದ್ಧಿವಂತಿಕೆ ಎಲ್ಲವೂ ಅಲ್ಲಿ ಬಂದು ಕೂಡುತ್ತವೆ. ಹಾಗೆ ನಾನು ಕಂಡ ಎರಡು ತಟ್ಟೆಗಳ ವಿಷಯವನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ. ಒಂದು ಆಲ್ಪ್ಸ್ ಪರ್ವತದ ಕಣಿವೆಯದು, ಇನ್ನೊಂದು ನಮ್ಮ ಸಗರನಾಡಿನದು.

ಕೆಲವು ವರ್ಷಗಳ ಹಿಂದೆ ಮಗಳ ಸಂಸಾರವನ್ನು ನೋಡಿಬರಲೆಂದು ಸ್ವಿಟ್ಜರ್ಲೆಂಡಿಗೆ ಹೋಗಿದ್ದೆ. ಆ ದೇಶದ ದಕ್ಷಿಣದಲ್ಲಿ, ಆಲ್ಪ್ಸಿನ ಇಳಿಜಾರಿನಲ್ಲಿ, ಟಿಚೀನೊ ಎಂಬ ಪ್ರಾಂತವಿದೆ. ಆಡಳಿತ ಸ್ವಿಸ್ ಜನರದಾದರೂ ಅಲ್ಲಿಯ ಮಾತು ಇಟಾಲಿಯನ್, ಅಡುಗೆಯೂ ಬಹುಮಟ್ಟಿಗೆ ಇಟಾಲಿಯನ್. ಕನ್ನಡ, ಉರ್ದು, ತೆಲುಗು ಮೂರನ್ನೂ ಕೇಳುತ್ತ ಬೆಳೆದ ಯಾದಗಿರಿ ಸೀಮೆಯವನಾದ ನನಗೆ ಈ ಬೆರಕೆ ವಿಚಿತ್ರವೆನಿಸಲಿಲ್ಲ. ವೆರ್ಜಾಸ್ಕ ಎಂಬ ಕಣಿವೆಯೊಳಗೆ ಹೋದೆವು. ಹಸಿರು ನೀರಿನ ಹೊಳೆ, ಕಲ್ಲಿನ ಗೋಡೆಯ ಮೇಲೆ ಕಲ್ಲಿನದೇ ಹೊದಿಕೆಯ ಮನೆಗಳು. ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನೂ ಸುರಪುರದ ಬಂಡೆಗಳನ್ನೂ ನೋಡಿದ ಕಣ್ಣಿಗೆ ಕಲ್ಲೇ ಮೊದಲು ಸ್ನೇಹ ಹೇಳಿತು.

ಮಧ್ಯಾಹ್ನದ ಊಟಕ್ಕೆ ಮಗಳು ಕರೆದೊಯ್ದದ್ದು ‘ಗ್ರೊತ್ತೊ’ ಎಂಬ ಊಟದ ಮನೆಗೆ. ಗ್ರೊತ್ತೊ ಎಂದರೆ ಗುಹೆ. ಬೆಟ್ಟದ ಬಂಡೆಗಳ ಸಂದಿಯಿಂದ ತಂಪುಗಾಳಿ ಬರುವ ಕಡೆ ಹಿಂದಿನವರು ನೆಲಮನೆಗಳನ್ನು ಮಾಡಿ, ದ್ರಾಕ್ಷಾರಸ, ಗಿಣ್ಣು, ಮಾಂಸಗಳನ್ನು ಕೆಡದಂತೆ ಕಾಪಾಡುತ್ತಿದ್ದರು. ಬೇಸಗೆಯಲ್ಲಿ ಅಲ್ಲಿಗೆ ಬಂದ ನೆಂಟರಿಷ್ಟರಿಗೆ ಹೊರಗಿನ ಮರದ ನೆರಳಿನಲ್ಲಿಯೇ ಉಣಬಡಿಸುವ ರೂಢಿಯಾಯಿತು. ಕಾಲಾನಂತರ ಅದೇ ಹಣ ಕೊಟ್ಟು ಉಣ್ಣುವ ಜಾಗವೂ ಆಯಿತು. ಇಂದಿಗೂ ಚೆಸ್ಟ್‌ನಟ್ ಮರದ ಕೆಳಗೆ ಕಲ್ಲಿನ ಮೇಜು, ಕಲ್ಲಿನ ಆಸನ.

ಇಟಾಲಿಯನ್ನರ ಊಟದ ಕ್ರಮ ನಮ್ಮದರಂತಲ್ಲ. ನಾವು ಎಲ್ಲವನ್ನೂ ಒಂದೇ ತಟ್ಟೆಯಲ್ಲಿ ಬಡಿಸಿಕೊಂಡು, ತುತ್ತಿಗೊಂದು ರುಚಿಯನ್ನು ಕೈಯಿಂದಲೇ ಕೂಡಿಸಿಕೊಳ್ಳುತ್ತೇವೆ. ಅವರಲ್ಲಿ ಒಂದು ಮುಗಿದ ಮೇಲೆ ಇನ್ನೊಂದು: ಬಾಯಿ ರುಚಿಗೆ ಮೊದಲು ಏನಾದರೂ ಅಲ್ಪಸ್ವಲ್ಪ, ಆಮೇಲೆ ಹಿಟ್ಟಿನ ಅಥವಾ ಅಕ್ಕಿಯ ಪದಾರ್ಥ, ಅದಾದ ಮೇಲೆ ಮಾಂಸವೋ ಮೀನೋ, ಕಡೆಗೆ ಸಿಹಿ. ಆದರೆ ಗ್ರೊತ್ತೊದಲ್ಲಿ ಈ ನಿಯಮ ಸಡಿಲ. ಅಲ್ಲಿಯ ಮುಖ್ಯ ಪದಾರ್ಥ ‘ಪೊಲೆಂತ’. ತಾಮ್ರದ ಕೊಪ್ಪರಿಗೆಯಲ್ಲಿ ನೀರು ಕುದಿಸಿ, ಗೋವಿನಜೋಳದ ಹಿಟ್ಟನ್ನು ಸುರಿದು, ಸೌದೆ ಒಲೆಯ ಮೇಲೆ ಮುಕ್ಕಾಲು ತಾಸು ಕಟ್ಟಿಗೆಯ ಕೋಲಿನಿಂದ ಬಿಡದೆ ತಿರುವುತ್ತಾರೆ. ಸಸ್ಯಾಹಾರಿಯಾದ ನನಗೆ ಅದರ ಜೊತೆಗೆ ಗಿಣ್ಣು, ಅಣಬೆ. ಒಂದು ತುತ್ತು ಬಾಯಿಗಿಟ್ಟವನು ಮಗಳ ಮುಖ ನೋಡಿದೆ. ‘ಇದು ನಮ್ಮ ಸಂಗಟಿ ಅಲ್ಲೇನವ್ವಾ!’ ಎಂದೆ. ಧಾನ್ಯ ಬೇರೆ, ಖಂಡ ಬೇರೆ. ನೀರು, ಹಿಟ್ಟು, ಬೆಂಕಿ, ರಟ್ಟೆಯ ಬಲ ಇವು ನಾಲ್ಕೂ ಒಂದೇ.

ಅಂದು ನನ್ನ ಮನಸ್ಸು ಅಲ್ಲಿಂದ ನೇರವಾಗಿ ಸುರಪುರದ ಒಂದು ಖಾನಾವಳಿಗೆ ಹೋಯಿತು.

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ, ಶಹಾಪುರ ಸುರಪುರಗಳ ಸೀಮೆಯನ್ನು ಹಿರಿಯರು ಸಗರನಾಡು ಎಂದು ಕರೆದರು. 1948ರವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದು, 1956ರಲ್ಲಿ ಅಂದಿನ ಮೈಸೂರು ರಾಜ್ಯವನ್ನು ಸೇರಿ, 2010ರಲ್ಲಿ ಯಾದಗಿರಿ ಜಿಲ್ಲೆಯ ಭಾಗವಾದ ನಾಡಿದು. ಇಲ್ಲಿ ಅನ್ನವನ್ನು ಮಾರುವುದು ಬಹುಕಾಲದವರೆಗೆ ಗೌರವದ ಕೆಲಸವಾಗಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣರು ದಾಸೋಹವನ್ನು ಬದುಕಿನ ಧರ್ಮವನ್ನಾಗಿ ಮಾಡಿದ ನೆಲ. ಹಸಿದು ಬಂದವನಿಗೆ ಮಠವಿತ್ತು, ಬಂಧುಗಳ ಮನೆಯಿತ್ತು. ಏನೂ ಇಲ್ಲದಿದ್ದರೆ ಹೆಗಲ ಬುತ್ತಿಯಿತ್ತು. ಬೊಂಬಾಯಿಯ ಕಡೆಯಿಂದ ಬಂದ ರೈಲುದಾರಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ದಾರಿಯನ್ನು ಕೂಡಿಕೊಂಡಿತು; ಯಾದಗಿರಿ ಆ ದಾರಿಯ ಮೇಲಿನ ಊರಾಯಿತು. ಕಚೇರಿ, ಕೋರ್ಟು, ಅಡತಿ ಅಂಗಡಿ, ಶಾಲೆಗಳು ಬೆಳೆದಂತೆ, ಬಂಧುಗಳಿಲ್ಲದ ಊರಿನಲ್ಲಿ ದಿನದಿನವೂ ಉಣ್ಣಬೇಕಾದ ಒಂಟಿ ಜನರೂ ಬೆಳೆದರು. ನಿತ್ಯ ದಾಸೋಹಕ್ಕೆ ಹೋಗಲು ಅವರಿಗೆ ಸಂಕೋಚ. ಅಡುಗೆ ಮಾಡಿಕೊಳ್ಳಲು ಬಾರದು. ಅಂಥವರಿಗಾಗಿ ಹುಟ್ಟಿದ ನಡುದಾರಿಯೇ ಖಾನಾವಳಿ.

ಈ ಶಬ್ದ ನಮಗೆ ಬಂದದ್ದು ಮರಾಠಿಯ ‘ಖಾಣಾವಳ್’ ಎಂಬುದರಿಂದ. ಹೋಟೆಲಿಗೂ ಖಾನಾವಳಿಗೂ ಒಂದು ಅಂತರವಿದೆ. ಹೋಟೆಲಿನಲ್ಲಿ ಕುಳಿತವನು ಗಿರಾಕಿ, ಬೇಕಾದ್ದನ್ನು ಹೇಳಿ ತರಿಸಿಕೊಳ್ಳುತ್ತಾನೆ. ಖಾನಾವಳಿಯಲ್ಲಿ ಆಯ್ಕೆಯಿಲ್ಲ, ಆ ದಿನ ಮನೆಯಲ್ಲಿ ಮಾಡಿದ್ದೇ ಊಟ. ತಿಂಗಳಿಗೊಮ್ಮೆ ಲೆಕ್ಕ. ಇಟಾಲಿಯನ್ ಭಾಷೆಯಲ್ಲಿಯೂ ಇಂಥದೇ ಭೇದವಿರುವುದನ್ನು ಅಲ್ಲಿ ಕಂಡು ಸಂತೋಷಪಟ್ಟೆ. ‘ರಿಸ್ತೊರಾಂತೆ’ ಎಂಬುದು ಫ್ರೆಂಚರಿಂದ ಬಂದ ನಾಜೂಕಿನ ಹೆಸರು; ‘ಓಸ್ತೆರಿಯ’ ಎಂಬ ಹಳೆಯ ಹೆಸರಿನ ಮೂಲ ‘ಓಸ್ತೆ’, ಅಂದರೆ ಬಂದವರನ್ನು ಬರಮಾಡಿಕೊಂಡು ಉಣಿಸುವ ಮನೆಯೊಡೆಯ.

1970ರ ದಶಕದ ಕೊನೆಯಲ್ಲಿ, ಕಾಲೇಜು ವಿದ್ಯಾರ್ಥಿಯಾಗಿ ನಾನು ಉಂಡ ಖಾನಾವಳಿಗೆ ಹಲಗೆಯೂ ಇರಲಿಲ್ಲ. ನಡೆಸುತ್ತಿದ್ದಾಕೆಯನ್ನು ನಾವೆಲ್ಲ ‘ಅವ್ವ’ ಎಂದೇ ಕರೆಯುತ್ತಿದ್ದೆವು. ಪಡಸಾಲೆಯಲ್ಲಿ ಚಾಪೆ, ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ. ತಟ್ಟೆಯ ಒಂದು ಬದಿಗೆ ಶೇಂಗಾದ ಹಿಂಡಿ, ಅದರ ನಡುವೆ ಕುಳಿ ಮಾಡಿ ಎರಡು ಹನಿ ಎಣ್ಣೆ. ಪುಂಡಿ ಪಲ್ಯ, ಇಲ್ಲವೆ ಬದನೆಕಾಯಿ. ಹೆಸರುಕಾಳು ಅಥವಾ ತೊಗರಿ ಬೇಳೆ. ಹಸಿ ಉಳ್ಳಾಗಡ್ಡಿ, ಮೂಲಂಗಿ. ಕೊನೆಗೆ ಒಂದು ಹಿಡಿ ಅನ್ನ, ಮಜ್ಜಿಗೆ. ರೊಟ್ಟಿ ಮಾತ್ರ ಹಂಚಿನಿಂದ ನೇರವಾಗಿ ತಟ್ಟೆಗೆ.

ಜೋಳದ ರೊಟ್ಟಿಯ ಮರ್ಮವನ್ನು ತಿನ್ನುವವರು ಅಷ್ಟಾಗಿ ಯೋಚಿಸುವುದಿಲ್ಲ. ಗೋಧಿಯ ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಅಂಟು ಪದಾರ್ಥವಿದೆ. ಆದ್ದರಿಂದ ಚಪಾತಿಯನ್ನು ಎಷ್ಟು ಲಟ್ಟಿಸಿದರೂ ಹರಿಯದು. ಜೋಳದಲ್ಲಿ ಅದಿಲ್ಲ. ಹಿಟ್ಟಿಗೆ ಕುದಿಯುವ ನೀರು ಹಾಕಿದಾಗ ಅದರೊಳಗಿನ ಪಿಷ್ಟ ಬೆಂದು ಜಿಗುಟಾಗುತ್ತದೆ. ಆ ಜಿಗುಟನ್ನೇ ನಂಬಿ ನಾದಬೇಕು, ಆರುವ ಮೊದಲೇ ಬಡಿಯಬೇಕು. ಹಿಟ್ಟು ಹಳತಾದರೆ ಅಂಚು ಬಿರಿಯುತ್ತದೆ. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಉಬ್ಬುವಂತೆ ಸುಡಬೇಕು. ಇಷ್ಟೆಲ್ಲ ನಡೆಯುವುದು ಮೂರ್ನಾಲ್ಕು ನಿಮಿಷಗಳಲ್ಲಿ. ಕಲಿಯುವುದಕ್ಕೆ ಮಾತ್ರ ವರುಷಗಳು ಬೇಕು.

ಇನ್ನೊಂದು ಮಾತು. ಹಳೆಯ ಊಟವನ್ನು ನೆನೆದು ಹಿಗ್ಗುವ ನಾವು ಅದರ ಕಹಿಯನ್ನು ಮರೆಯಬಾರದು. ಗೋವಿನಜೋಳ ಅಮೆರಿಕ ಖಂಡದಿಂದ ಬಂದ ಧಾನ್ಯ. ಅಲ್ಲಿಯ ಮೂಲನಿವಾಸಿಗಳು ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಉಪಯೋಗಿಸುತ್ತಿದ್ದರು. ಯುರೋಪಿಗೆ ಬೀಜ ಬಂತು. ಆ ಅಡುಗೆಯ ವಿವೇಕ ಬರಲಿಲ್ಲ. ಉತ್ತರ ಇಟಲಿಯ ಬಡ ರೈತರು ಮೂರು ಹೊತ್ತೂ ಬರಿಯ ಪೊಲೆಂತವನ್ನೇ ತಿಂದರು. ಬಿಸಿಲು ಬಿದ್ದ ಕಡೆ ಚರ್ಮ ಕಪ್ಪಾಗಿ ಒರಟಾಗುವುದು, ಭೇದಿ, ಕಡೆಗೆ ಬುದ್ಧಿಭ್ರಮಣೆ: ಇಂಥದೊಂದು ರೋಗ ಹಳ್ಳಿಹಳ್ಳಿಗಳನ್ನು ಹಿಡಿಯಿತು. 1771ರಲ್ಲಿ ಮಿಲಾನಿನ ವೈದ್ಯ ಫ್ರಾಪೊಲ್ಲಿ ಅದಕ್ಕೆ ‘ಪೆಲ್ಲಾಗ್ರ’, ಅಂದರೆ ಒರಟು ಚರ್ಮ, ಎಂಬ ಹೆಸರನ್ನು ದಾಖಲಿಸಿದ. ನಿಕೊಟಿನಿಕ್ ಆಮ್ಲ ಎಂಬ ಜೀವಸತ್ವದ ಕೊರತೆಯೇ ಅದರ ಮೂಲವೆಂಬುದು ಖಚಿತವಾಗಲು 1937ರವರೆಗೆ ಕಾಯಬೇಕಾಯಿತು. ಸುಣ್ಣದ ನೀರು ಮಾಡುತ್ತಿದ್ದುದು ಇದನ್ನೇ: ಧಾನ್ಯದೊಳಗೆ ಬಿಗಿದುಕೊಂಡಿದ್ದ ಆ ಸತ್ವವನ್ನು ಬಿಡಿಸಿಕೊಡುವುದು.

ಇದು ದೂರದ ಕಥೆ ಎನ್ನಬೇಡಿ. 1960ರಲ್ಲಿ ಹೈದರಾಬಾದಿನ ಪೋಷಣಾ ಸಂಶೋಧನಾಲಯದ ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು ದಖ್ಖನದ ಬಡವರಲ್ಲಿ, ಜೋಳವನ್ನೇ ನೆಚ್ಚಿದವರಲ್ಲಿ, ಇದೇ ರೋಗವನ್ನು ಗುರುತಿಸಿ ಜಗತ್ತಿಗೆ ತಿಳಿಸಿದರು. ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಹೆಚ್ಚಾಗಿರುವುದು ಇದಕ್ಕೆ ಕಾರಣವಿರಬೇಕೆಂದು ಅವರು ವಾದಿಸಿದರು. ಹಾಗಾದರೆ ಜೋಳ ಕೆಟ್ಟದ್ದೆ? ಖಂಡಿತ ಅಲ್ಲ. ಕೆಟ್ಟದ್ದು ಒಂಟಿ ರೊಟ್ಟಿ. ಶೇಂಗಾದಲ್ಲಿ ಆ ಜೀವಸತ್ವ ಧಾರಾಳವಾಗಿದೆ. ಬೇಳೆ ಮತ್ತು ಮೊಸರಿನ ಸಸಾರಜನಕದಿಂದ ದೇಹ ಅದನ್ನು ತಾನೇ ಸ್ವಲ್ಪಮಟ್ಟಿಗೆ ತಯಾರಿಸಿಕೊಳ್ಳುತ್ತದೆ. ಹಿಂಡಿ, ಬೇಳೆ, ಪಲ್ಯ, ಮಜ್ಜಿಗೆಗಳು ರೊಟ್ಟಿಯ ಸುತ್ತ ಕುಳಿತದ್ದು ಬರಿಯ ರುಚಿಗಾಗಿ ಅಲ್ಲ. ಖಾನಾವಳಿಯ ತಟ್ಟೆ ತುಂಬಿದ ತಟ್ಟೆ; ಬಡವನ ಮನೆಯಲ್ಲಿ ಆ ರೊಟ್ಟಿಗೆ ಬಹಳ ಸಲ ಖಾರಪುಡಿಯೊಂದೇ ಜೊತೆ. ಆಲ್ಪ್ಸಿನ ಗ್ರೊತ್ತೊದಲ್ಲಿ ಇಂದು ಪೊಲೆಂತದ ಪಕ್ಕದಲ್ಲಿ ಗಿಣ್ಣೂ ಅಣಬೆಯೂ ಇವೆ. ಅವರ ಮುತ್ತಜ್ಜನ ತಟ್ಟೆಯಲ್ಲಿ ಅವು ಇದ್ದುದು ಅಪರೂಪ.

1982ರಲ್ಲಿ ಕೃಷ್ಣೆಯ ಮೇಲಿನ ನಾರಾಯಣಪುರದ ಬಸವಸಾಗರ ಜಲಾಶಯ ಪೂರ್ಣಗೊಂಡಿತು. ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರಗಳ ಹೊಲಗಳಿಗೆ ಹರಿಯಿತು. ಹಿಂಗಾರಿಯಲ್ಲಿ ಬಿತ್ತಿ, ಎರೆಮಣ್ಣಿನ ತೇವವೊಂದನ್ನೇ ನೆಚ್ಚಿ ಬೆಳೆಯುತ್ತಿದ್ದ ಬಿಳಿಜೋಳದ ನೆಲದಲ್ಲಿ ಎಷ್ಟೋ ಕಡೆ ಭತ್ತದ ಗದ್ದೆಗಳೆದ್ದವು. ನೀರನ್ನು ದೂರುವ ಹಕ್ಕು ಬರಗಾಲ ಕಂಡ ನಮಗಿಲ್ಲ. 2013ರ ಜುಲೈಯಲ್ಲಿ ಅನ್ನಭಾಗ್ಯ ಯೋಜನೆ ಬಂದು ಬಡವರ ಮನೆಯಲ್ಲೂ ಅಕ್ಕಿ ನೆಲೆಸಿತು, ಅದನ್ನೂ ದೂರಲಾರೆ. ಹಬ್ಬಕ್ಕೊಮ್ಮೆ ಅನ್ನ ಕಂಡ ಮಕ್ಕಳಲ್ಲಿ ನಾನೂ ಒಬ್ಬ. ಸಂಸ್ಕೃತದಲ್ಲಿ ಅನ್ನವೆಂದರೆ ಉಣ್ಣುವುದೆಲ್ಲ. ನಮ್ಮಲ್ಲಿ ಅದು ಬೆಂದ ಅಕ್ಕಿಗೆ ಮಾತ್ರ ನಿಂತುಹೋಯಿತೆಂಬುದರಲ್ಲಿಯೇ ಧಾನ್ಯಗಳ ಮೇಲುಕೀಳು ಅಡಗಿದೆ. ಅಕ್ಕಿ ರಾಗಿಗಳ ಜಗಳವನ್ನು ‘ರಾಮಧಾನ್ಯ ಚರಿತ್ರೆ’ಯಲ್ಲಿ ಹೇಳಿದ ಕನಕದಾಸರು, ಆರು ತಿಂಗಳ ಸೆರೆಯ ನಂತರವೂ ಕೆಡದೆ ಉಳಿದ ರಾಗಿಗೆ ಗೆಲುವು ಕೊಟ್ಟರು. ಆದರೆ ಲೋಕದ ತೀರ್ಪು ಬೇರೆಯಾಗಿಯೇ ಉಳಿಯಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಜೋಳಕ್ಕೂ ಒಂದಿಷ್ಟು ಮಾನ ಮರಳಿದೆ. ಈ ನಡುವೆ, ಮನೆಗಳಲ್ಲಿ ರೊಟ್ಟಿ ಬಡಿಯುವ ಕೈ ಕಡಿಮೆಯಾದಂತೆ, ಬಿಸಿರೊಟ್ಟಿಗಾಗಿ ಸಂಸಾರಸ್ಥರೇ ಖಾನಾವಳಿಗೆ ಬರತೊಡಗಿದ್ದಾರೆ. ಒಂಟಿ ಜನರಿಗಾಗಿ ಹುಟ್ಟಿದ ಮನೆ ಈಗ ಊರಿಗೇ ಊರಿನ ಊಟವನ್ನು ಕಾದುಕೊಡುತ್ತಿದೆ. ಗ್ರೊತ್ತೊ ಅಲ್ಲಿ ಮಾಡಿದ್ದೂ ಇದನ್ನೇ.

ಕಾದುಕೊಡುವುದು ಗೋಡೆಯಲ್ಲ, ಹಲಗೆಯಲ್ಲ, ಕೈಗಳು. ನಮ್ಮ ಅವ್ವನ ಮಾತಿಗೆ ಮರಳಿ ಇದನ್ನು ಮುಗಿಸುತ್ತೇನೆ. ಒಂದು ವರ್ಷ ಊರಿನಿಂದ ಹಣ ಬರುವುದು ತಡವಾಗಿ ಎರಡು ತಿಂಗಳ ಬಾಕಿ ನಿಂತಿತು. ನಾಚಿಕೆಯಿಂದ ಎರಡು ದಿನ ಊಟಕ್ಕೆ ಹೋಗಲಿಲ್ಲ. ಮೂರನೆಯ ದಿನ ಹೇಳಿಕಳಿಸಿದಳು. ‘ರೊಕ್ಕ ಎಲ್ಲಿ ಹೋಗ್ತದ ತಮ್ಮಾ, ಇವತ್ತಿಲ್ಲ ನಾಳಿಗಿ ಬರ್ತದ. ಹೊಟ್ಟಿ ಕೇಳ್ತದೇನು? ಕುಂದ್ರು, ಉಣ್ಣು’ ಎಂದಳು. ಮೊದಲ ಸಂಬಳದಲ್ಲಿ ಬಾಕಿ ಒಯ್ದು ಕೊಟ್ಟೆ. ಎರಡು ಸಲ ಎಣಿಸಿ ಸೆರಗಿಗೆ ಕಟ್ಟಿಕೊಂಡಳು. ‘ಲೆಕ್ಕ ಮುಗೀತು. ಈಗ ಉಂಡು ಹೋಗು’ ಎಂದಳು. ಆ ಊಟಕ್ಕೆ ಹಣ ಮುಟ್ಟಲಿಲ್ಲ. ವ್ಯಾಪಾರವೂ ದಾಸೋಹವೂ ಎಲ್ಲಿ ಬೇರೆಯಾಗುತ್ತವೆ ಎಂಬುದು ಆಕೆಗೆ ಸ್ಪಷ್ಟವಾಗಿ ಗೊತ್ತಿತ್ತು.

ಆ ದಿನ ನಾನು ಹೋದದ್ದು ಹೊತ್ತು ಮೀರಿ. ಎಲ್ಲರೂ ಉಂಡು ಹೋಗಿದ್ದರು. ನನಗೆ ಬಡಿಸಿ, ಆಮೇಲೆ ಒಲೆಯ ಮುಂದೆ ತಾನೂ ಉಣ್ಣಲು ಕುಳಿತಳು. ಆಕೆಯ ತಟ್ಟೆಯನ್ನು ನಾನು ಅದೇ ಮೊದಲು ನೋಡಿದ್ದು. ಪಲ್ಯ ತೀರಿತ್ತು, ಬೇಳೆ ತೀರಿತ್ತು. ಉಳಿದ ಕೊನೆಯ ಹಿಂಡಿ ನನ್ನ ತಟ್ಟೆಯಲ್ಲಿತ್ತು. ಆಕೆಯ ಮುಂದೆ ಇದ್ದುದು ಆರಿದ ಒಂದು ರೊಟ್ಟಿ, ಒಂದು ಉಳ್ಳಾಗಡ್ಡಿ, ಚಿಟಿಕೆ ಖಾರಪುಡಿ. ಅದರ ಅರ್ಥ ಅಂದು ನನಗೆ ಹೊಳೆಯಲಿಲ್ಲ. ಗೋಪಾಲನ್ನರ ಸಂಶೋಧನೆಯ ವಿಷಯವನ್ನು ಎಷ್ಟೋ ವರ್ಷಗಳ ಮೇಲೆ ಓದಿದಾಗ, ಪುಟದ ಮೇಲೆ ಕಂಡದ್ದು ಆ ತಟ್ಟೆ.

ಇಂದು ಯಾದಗಿರಿಯಲ್ಲೋ ಶಹಾಪುರದಲ್ಲೋ ಖಾನಾವಳಿಗೆ ಹೋದರೆ ಕೈತೊಳೆಯುವ ನೆಪದಲ್ಲಿ ಒಳಗೆ ಇಣುಕುತ್ತೇನೆ. ಒಲೆಯ ಮುಂದೆ ಕುಳಿತವರನ್ನು ‘ನಿಮ್ಮ ಊಟ ಆತೇನ್ರೀ ಯವ್ವಾ?’ ಎಂದು ಕೇಳುತ್ತೇನೆ. ಬಹಳ ಸಲ ನಗುತ್ತಾರೆ. ‘ನಮ್ದು ಕಡೀಗಿ ರೀ’ ಎನ್ನುತ್ತಾರೆ. ಕೇಳುಗರೆ, ಮುಂದಿನ ಸಲ ಬಿಸಿರೊಟ್ಟಿ ನಿಮ್ಮ ತಟ್ಟೆಗೆ ಬಿದ್ದಾಗ, ಆ ಪ್ರಶ್ನೆಯನ್ನು ನೀವೂ ಒಮ್ಮೆ ಕೇಳಿರಿ.