ಮಾಯಾ ಜನ ಮಾಯವಾಗಲಿಲ್ಲ

ಮಾಯಾ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸಿಗೆ ತೋರುವುದು ಕಾಡು ನುಂಗಿದ ಗುಡಿಗಳು, ಯಾರೂ ಓದಲಾರದ ಲಿಪಿ, ಹೇಳಹೆಸರಿಲ್ಲದೆ ಹೋದ ಒಂದು ಜನಾಂಗ. ಮೆಕ್ಸಿಕೋದ ದಕ್ಷಿಣ ತುದಿಯಲ್ಲಿ, ಗ್ವಾಟೆಮಾಲಾದ ಗಡಿಗೆ ಹೊಂದಿಕೊಂಡಿರುವ ಚಿಯಾಪಾಸ್ ರಾಜ್ಯವನ್ನು ಸುತ್ತುವವರು ಈ ಮೂರು ಕಲ್ಪನೆಗಳನ್ನೂ ತಿದ್ದಿಕೊಳ್ಳಬೇಕಾಗುತ್ತದೆ.

ಮೊದಲು ಲಿಪಿಯ ಮಾತು. ಮಳೆಕಾಡಿನ ಅಂಚಿನಲ್ಲಿರುವ ಪಲೆಂಕೆ ನಗರದ 'ಶಾಸನಗಳ ಗುಡಿ'ಯಲ್ಲಿ ಆಲ್ಬೆರ್ತೊ ರೂಸ್ ಎಂಬ ಪುರಾತತ್ತ್ವಜ್ಞರು ನೆಲದ ಚಪ್ಪಡಿಯನ್ನೆತ್ತಿಸಿ, ಕಲ್ಲುಮಣ್ಣು ತುಂಬಿದ್ದ ಮೆಟ್ಟಿಲುಗಳನ್ನು ವರ್ಷಗಟ್ಟಲೆ ತೆರವು ಮಾಡಿಸಿ, 1952ರಲ್ಲಿ ಒಂದು ರಾಜಸಮಾಧಿಯನ್ನು ಕಂಡರು. ಅಂದು ಆ ರಾಜನ ಹೆಸರು ಯಾರಿಗೂ ತಿಳಿಯದು. ಲಿಪಿಯ ಗಂಟು ಬಿಚ್ಚಿದ ಮೇಲೆ, ಆತ ಪಕಾಲನೆಂದೂ, ಕ್ರಿ.ಶ. 615ರಲ್ಲಿ 12ನೆಯ ವಯಸ್ಸಿನಲ್ಲಿ ಪಟ್ಟವೇರಿ 683ರಲ್ಲಿ ತೀರಿಕೊಂಡನೆಂದೂ ಕಲ್ಲೇ ಹೇಳಿತು. ನಮ್ಮ ಇಮ್ಮಡಿ ಪುಲಕೇಶಿಯ ಸಮಕಾಲೀನ ಆತ.

ಇನ್ನು ಜನ. ಸುಮಾರು 2,100 ಮೀಟರ್ ಎತ್ತರದ ಸ್ಯಾನ್ ಕ್ರಿಸ್ತೋಬಲ್ ಪಟ್ಟಣದ ಸುತ್ತಣ ಬೆಟ್ಟಗಳಲ್ಲಿ ತ್ಸೋತ್ಸಿಲ್, ತ್ಸೆಲ್ತಾಲ್ ಎಂಬ ಮಾಯಾ ಭಾಷೆಗಳು ಇಂದಿಗೂ ಮನೆಮಾತು, ಸಂತೆಯ ಮಾತು. ಚಮೂಲಾ ಊರಿನ ಇಗರ್ಜಿಯಲ್ಲಿ ಬೆಂಚುಗಳಿಲ್ಲ. ನೆಲಕ್ಕೆ ಪೈನ್ ಮರದ ಹಸಿರು ಸೂಜಿಯೆಲೆ ಹಾಸಿ, ಸಾಲುಸಾಲು ಮೇಣದಬತ್ತಿ ಹಚ್ಚಿ, ರೋಗಿಯನ್ನು ಕೂರಿಸಿಕೊಂಡು ತಮ್ಮ ನುಡಿಯಲ್ಲೇ ಪ್ರಾರ್ಥಿಸುತ್ತಾರೆ. ಸಂತರ ಹೆಸರುಗಳು ಕ್ರೈಸ್ತರವು. ಆಚಾರದಲ್ಲಿ ಅದಕ್ಕೂ ಹಿಂದಿನದು ಬೆರೆತಿದೆ. ಒಳಗೆ ಛಾಯಾಚಿತ್ರ ತೆಗೆಯುವುದು ನಿಷಿದ್ಧ. ಇದನ್ನು ಒರಟುತನವೆಂದು ತಿಳಿಯಬಾರದು. ಅಲ್ಲಿ ನಡೆಯುವುದು ಪ್ರದರ್ಶನವಲ್ಲ, ಪೂಜೆ.

ಕಡೆಯದು ಕಾಡು. ಒಮ್ಮೆ ಗುಡಿಗಳನ್ನು ನುಂಗಿದ್ದ ಲಕಂದೋನ್ ಕಾಡನ್ನು ಇಪ್ಪತ್ತನೆಯ ಶತಮಾನದಲ್ಲಿ ಮನುಷ್ಯ ನುಂಗತೊಡಗಿದ. ನಾಟಾ ವ್ಯಾಪಾರ, ದನದ ಹುಲ್ಲುಗಾವಲು ಇದಕ್ಕೆ ಕಾರಣ. ಬೆಟ್ಟದಲ್ಲಿ ಹೊಲ ಸಾಲದೆ ಇಳಿದುಬಂದ ಬಡರೈತರೂ ಕಾರಣ. ಉಳಿದುದನ್ನು ಕಾಯಲೆಂದು ಸರಕಾರ 1978ರಲ್ಲಿ ಮೋಂತೆಸ್ ಅಸೂಲೆಸ್ ಎಂಬಲ್ಲಿ 3 ಲಕ್ಷ ಹೆಕ್ಟೇರಿಗೂ ಮಿಕ್ಕ ಪ್ರದೇಶವನ್ನು ರಕ್ಷಿತಾರಣ್ಯವಾಗಿಸಿತು. ಜಾಗ್ವಾರ್, ಕೆಂಪು ಮಕಾ ಗಿಳಿ, ಊಳಿಡುವ ಕೋತಿಗಳಿಗೆ ಅದು ಆಸರೆ. ಆದರೆ ನೆಲವಿಲ್ಲದವರ ಹಸಿವು ಗಡಿಕಲ್ಲಿಗೆ ನಿಲ್ಲದು. 1994ರ ಜನವರಿ 1ರಂದು ಸಪಾತಿಸ್ತಾ ಎಂಬ ಹೆಸರಿನಲ್ಲಿ ಮಾಯಾ ರೈತರು ಬಂಡೆದ್ದು ಸ್ಯಾನ್ ಕ್ರಿಸ್ತೋಬಲನ್ನೇ ಹಿಡಿದಾಗ ಅವರ ಬೇಡಿಕೆಗಳ ಮುಂಚೂಣಿಯಲ್ಲಿದ್ದುದು ಭೂಮಿ.

ಆದುದರಿಂದ ಕಾಡನ್ನು ಉಳಿಸುವ ಮಾತೂ ಜನ ಬಾಳುವ ಮಾತೂ ಅಲ್ಲಿ ಬೇರೆ ಬೇರೆಯಲ್ಲ. ಪಲೆಂಕೆಯ ಶಾಸನಗಳ ನುಡಿಗೆ ತೀರ ಹತ್ತಿರವಾದ ಚೋಲ್ ಭಾಷೆಯನ್ನಾಡುವವರು ಇಂದೂ ಆ ಸೀಮೆಯ ಹಳ್ಳಿಗಳಲ್ಲಿದ್ದಾರೆ. ಗುಡಿಯ ಕಲ್ಲನ್ನು ಕಂಡು ಬೆರಗಾದ ಪ್ರವಾಸಿ ಹೊರಗೆ ಬಂದು ಅವರ ಮಾತಿಗೂ ಒಂದು ಗಳಿಗೆ ಕಿವಿಗೊಟ್ಟರೆ, ಅವನ ಪ್ರವಾಸ ಪೂರ್ಣವಾದೀತು.