ಮುಂಭಾಗ ನುಜ್ಜಾದ ಹಳೆಯ ಕಾರು: ಮನೆಯಲ್ಲಿ ಎಷ್ಟರಮಟ್ಟಿನ ದುರಸ್ತಿ?

ನಮ್ಮ ಊರುಗಳ ಕೆಲವು ಮನೆಗಳ ಅಂಗಳದಲ್ಲಿ ಇಂದಿಗೂ ಅಂಬಾಸಡರ್ ಕಾರು ನಿಂತಿರುವುದುಂಟು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಸಂತತಿಯಾದ ಈ ಗಾಡಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು. 2014ರಲ್ಲಿ ಅದರ ತಯಾರಿಕೆ ನಿಂತುಹೋಯಿತು. ಇಂಥ ಕಾರಿನ ಮುಖಕ್ಕೆ ಪೆಟ್ಟು ಬಿದ್ದರೆ ಹೊಸ ಬಿಡಿಭಾಗ ದೊರೆಯುವುದು ಸುಲಭವಲ್ಲ. ಒಳ್ಳೆಯ ಟಿಂಕರಿಂಗ್ ಕೆಲಸಗಾರರೂ ವಿರಳ. ಆದ್ದರಿಂದ, ನಾವೇ ಬಡಿದು ನೆಟ್ಟಗೆ ಮಾಡಿಕೊಳ್ಳೋಣವೆಂದು ಸುತ್ತಿಗೆ ಹಿಡಿಯುವವರು ಹಲವರು. ಹಿಡಿಯಬಾರದೆಂದಲ್ಲ. ಆದರೆ ಎಲ್ಲಿಯವರೆಗೆ ಹಿಡಿಯಬಹುದು, ಎಲ್ಲಿ ಕೆಳಗಿಡಬೇಕು ಎಂಬುದನ್ನು ಮೊದಲೇ ತಿಳಿದಿರಬೇಕು.

ಲಾರಿಗೆ ಇರುವಂತೆ ಅಂಬಾಸಡರಿಗೆ ಬೇರೆಯಾದ ಚಾಸಿ ಇಲ್ಲ. ತಗಡಿನ ಒಡಲೇ ಭಾರ ಹೊರುತ್ತದೆ. ಹೀಗಾಗಿ ಮುಂಭಾಗದಲ್ಲಿ ಚರ್ಮ ಯಾವುದು, ಮೂಳೆ ಯಾವುದು ಎಂದು ವಿಂಗಡಿಸಿಕೊಳ್ಳಿರಿ. ಬಂಪರು, ಜಾಲರಿ, ದೀಪದ ಬಳೆ, ಬಾನೆಟ್ಟು, ಮಡ್‌ಗಾರ್ಡಿನ ಹೊರಮೈ ಇವು ಚರ್ಮ. ಎಂಜಿನ್ನು ಕುಳಿತಿರುವ ತೊಲೆಗಳು, ಚಕ್ರ ಮತ್ತು ಸ್ಟಿಯರಿಂಗನ್ನು ಬಿಗಿದಿರುವ ತಾವುಗಳು ಮೂಳೆ. ಚರ್ಮದ ಗಾಯಕ್ಕೆ ಮನೆಮದ್ದು ಸಾಕು; ಮೂಳೆ ಮುರಿದರೆ ವೈದ್ಯನೇ ಬೇಕು.

ಕೆಲಸಕ್ಕೆ ಮೊದಲು ವಿಮೆಯವರಿಗೆ ತಿಳಿಸಿ, ಅವರ ಪರೀಕ್ಷಕರು ನೋಡಿಹೋಗುವವರೆಗೆ ಏನನ್ನೂ ಬಿಚ್ಚಬೇಡಿರಿ. ಆದರೆ ಬ್ಯಾಟರಿಯಿಂದ ಕಾರಿನ ಒಡಲಿಗೆ ಹೋಗುವ ತಂತಿಯನ್ನು ಮಾತ್ರ ಕೂಡಲೇ ಕಳಚಿರಿ. ಜಜ್ಜಿದ ತಂತಿಯಿಂದ ಕಿಡಿ ಹಾರುವುದುಂಟು. ಎಂಜಿನ್ನು ಓಡಿಸಿ ನೋಡುವ ಆತುರ ಬೇಡ. ರೇಡಿಯೇಟರು ಹಿಂದಕ್ಕೆ ಸರಿದಿದ್ದರೆ ಫ್ಯಾನಿನ ರೆಕ್ಕೆ ಅದನ್ನು ಸೀಳಿಹಾಕುತ್ತದೆ. ಬಿಸಿಯಾಗಿರುವಾಗ ಅದರ ಮುಚ್ಚಳವನ್ನು ತೆಗೆಯಲೇಬಾರದು.

ಮುಂದಿನದು ಅಳತೆ. ಕಾರನ್ನು ಸಮನೆಲದಲ್ಲಿ ನಿಲ್ಲಿಸಿರಿ. ಗಾರೆ ಕೆಲಸದವರು ಗೋಡೆಯ ನೇರ ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡು ಇದೆಯಲ್ಲವೆ? ಅದನ್ನು ಕಾರಿನ ಅಡಿಯಲ್ಲಿ ಎಡಬಲಗಳಿಗೆ ಸಮನಾದ ಎರಡು ತಾವುಗಳಿಂದ ಮುಂದೆಯೂ, ಎರಡರಿಂದ ಹಿಂದೆಯೂ ಇಳಿಬಿಟ್ಟು, ನೆಲದ ಮೇಲೆ ಸೀಮೆಸುಣ್ಣದಿಂದ ನಾಲ್ಕು ಗುರುತು ಹಾಕಿರಿ. ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಅಳೆಯಿರಿ. ಕೆಲವೇ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಡಲು ಓರೆಯಾಗಿದೆಯೆಂದೇ ತಿಳಿಯಬೇಕು. ಕರ್ಣಗಳು ಸಮವಾಗಿದ್ದ ಮಾತ್ರಕ್ಕೆ ನಿಶ್ಚಿಂತೆಯೂ ಸಲ್ಲದು. ಎದುರಿನಿಂದ ನೇರವಾಗಿ ಪೆಟ್ಟು ಬಿದ್ದಾಗ ಎರಡು ಪಕ್ಕಗಳೂ ಸಮನಾಗಿ ಹಿಂದೆ ಸರಿದಿರಬಹುದು. ಸಾಧ್ಯವಾದರೆ ಅದೇ ಮಾದರಿಯ ಪೆಟ್ಟು ತಿನ್ನದ ಕಾರನ್ನು ಅಳೆದು ಹೋಲಿಸಿರಿ. ಮುಂದಿನ ಬಾಗಿಲು ಮಡ್‌ಗಾರ್ಡಿಗೆ ತಗಲುತ್ತಿದೆಯೆ, ಒಳತೊಲೆಗಳ ಮೇಲೆ ಬಣ್ಣ ಸುಕ್ಕುಗಟ್ಟಿದೆಯೆ ಎಂಬುದನ್ನೂ ನೋಡಿರಿ. ಇವುಗಳಲ್ಲಿ ಒಂದು ಲಕ್ಷಣ ಕಂಡರೂ ಮನೆಯ ಕೆಲಸ ಅಲ್ಲಿಗೇ ನಿಲ್ಲಲಿ.

ಮೂಳೆ ನೆಟ್ಟಗಿದೆಯೆಂದು ಖಚಿತವಾದರೆ ಚರ್ಮದ ಕಡೆಗೆ ಬರೋಣ. ಕಳಚಿದ ಬೋಲ್ಟುಗಳನ್ನು ಬೇರೆಬೇರೆ ಡಬ್ಬಿಗಳಲ್ಲಿಟ್ಟು ಚೀಟಿ ಅಂಟಿಸಿರಿ. ಸಮಾಸಪದವನ್ನು ಬಿಡಿಸುವವನು ಅದು ಕೂಡಿದ ಬಗೆಯನ್ನು ಮೊದಲು ನೋಡುತ್ತಾನೆ. ಇಲ್ಲಿಯೂ ಹಾಗೆಯೇ; ಪೆಟ್ಟು ಬಿದ್ದ ಕ್ರಮವನ್ನು ಊಹಿಸಿಕೊಂಡು, ಕೊನೆಯಲ್ಲಿ ಮಡಿಸಿದ್ದನ್ನು ಮೊದಲು ಬಿಡಿಸಬೇಕು. ತಗ್ಗಿನ ನಡುವಿಗೇ ದೊಡ್ಡ ಏಟು ಹಾಕುವುದು ಬಹುಜನರ ಅಭ್ಯಾಸ. ಅದರಿಂದ ತಗಡು ಹಿಗ್ಗಿ, ಎಣ್ಣೆಡಬ್ಬದ ತಳದಂತೆ ಒತ್ತಿದಾಗಲೆಲ್ಲ ಟಕ್ಕೆನ್ನುತ್ತದೆ. ಒಂದು ಬದಿಯಲ್ಲಿ ನುಣುಪಾದ ಕಬ್ಬಿಣದ ಗಟ್ಟಿ ಹಿಡಿದು, ಇನ್ನೊಂದು ಬದಿಯಿಂದ ಸಣ್ಣ ಸಣ್ಣ ಏಟುಗಳನ್ನು ಹಾಕುತ್ತ, ತಗ್ಗಿನ ಅಂಚಿನಿಂದ ಒಳಕ್ಕೆ ಸಾಗಬೇಕು. ಬಳಿಕ ತುಕ್ಕನ್ನು ಪೂರ್ತಿಯಾಗಿ ಉಜ್ಜಿ ತೆಗೆದು, ಹೊಳೆಯುವ ಲೋಹದ ಮೇಲೆ ಪ್ರೈಮರು ಹಚ್ಚಿರಿ. ಪಟ್ಟಿ ತೆಳುವಾಗಿರಲಿ, ದಪ್ಪಗೆ ಮೆತ್ತಿದರೆ ಗಾಡಿಯ ಕುಲುಕಾಟಕ್ಕೆ ಬಿರುಕು ಬಿಡುತ್ತದೆ. ಉಜ್ಜುವಾಗ ಕಣ್ಣಿಗೆ ಕನ್ನಡಕವೂ ಮೂಗಿಗೆ ಮುಸುಕೂ ಇರಬೇಕು.

ಇನ್ನು ಮಾಡಬಾರದ್ದು. ಬಾಗಿದ ಸ್ಟಿಯರಿಂಗ್ ರಾಡನ್ನಾಗಲಿ ಚಕ್ರದ ತೋಳನ್ನಾಗಲಿ ಕಾಯಿಸಿ ನೆಟ್ಟಗೆ ಮಾಡಕೂಡದು. ಕಾಯಿಸಿದ ಉಕ್ಕು ತನ್ನ ಗುಣವನ್ನು ಕಳೆದುಕೊಂಡು, ಓಟದ ನಡುವೆ ಮುರಿಯಬಹುದು. ಅಂಥದನ್ನು ಬದಲಿಸುವುದೊಂದೇ ದಾರಿ. ಜಜ್ಜಿದ ಬ್ರೇಕ್ ಕೊಳವೆಗೂ ಇದೇ ನಿಯಮ. ಪೆಟ್ರೋಲು ಸೋರುವ ಕಡೆ ವೆಲ್ಡಿಂಗ್ ಸುಳಿಯಬಾರದು. ಜಾಕ್ ಒಂದನ್ನೇ ನಂಬಿ ಕಾರಿನ ಅಡಿಗೆ ನುಸುಳಬಾರದು. ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಿಯೇ ಕೈಹಾಕಬೇಕು.

ಎಲ್ಲವನ್ನೂ ಜೋಡಿಸಿದ ಮೇಲೆ ಬಾನೆಟ್ಟಿನ ಕೊಂಡಿಯನ್ನು ಹತ್ತು ಸಲವಾದರೂ ಹಾಕಿ ತೆಗೆದು ನೋಡಿರಿ. ಅಂಬಾಸಡರಿನ ಬಾನೆಟ್ಟು ಮುಂದಿನಿಂದ ಮೇಲೇಳುತ್ತದೆ. ವೇಗದಲ್ಲಿ ಕೊಂಡಿ ಜಾರಿದರೆ ಗಾಳಿಗೆ ಎದ್ದು ಎದುರಿನ ಗಾಜಿಗೆ ಬಡಿಯುತ್ತದೆ. ಆಗ ಓಡಿಸುವವನಿಗೆ ದಾರಿಯೇ ಕಾಣದು. ದೀಪಗಳನ್ನು ಗೋಡೆಗೆ ಹಿಡಿದು, ಎರಡರ ಬೆಳಕೂ ಒಂದೇ ಎತ್ತರದಲ್ಲಿ ಬೀಳುವಂತೆ ಸರಿಪಡಿಸಿರಿ. ಅನಂತರ ಜನಸಂಚಾರವಿಲ್ಲದ ಬಯಲಿನಲ್ಲಿ ನಿಧಾನವಾಗಿ ಓಡಿಸಿ ಬ್ರೇಕು ಒತ್ತಿರಿ. ಕಾರು ಒಂದು ಪಕ್ಕಕ್ಕೆ ಎಳೆದರೆ, ಬಣ್ಣ ಎಷ್ಟೇ ಚೆಂದ ಬಂದಿದ್ದರೂ, ಮನೆಯವರನ್ನು ಅದರಲ್ಲಿ ಕೂರಿಸುವ ಮೊದಲು ನುರಿತ ಮೆಕ್ಯಾನಿಕನಿಗೆ ತೋರಿಸತಕ್ಕದ್ದು.